ವಲಾಂಡಿಯ ಅಂಗಳಕ್ಕೆ ಬಂದ ವೇಗದ ಕಾರು

'ಎಸ್ಟೇಟ್' ಎಂದೊಡನೆ ನಮ್ಮ ಕಾಸರಗೋಡು ಕಡೆಯ ವಾಚಕರಿಗೆ ನೆನಪಾಗುವುದು ರಬ್ಬರ್ ತೋಟ, ಇಲ್ಲವೇ ಘಟ್ಟದ ಮೇಲಿನ ಕಾಫಿ ತೋಟ. ಅದೇ ಹೆಸರಿನ ಕಾರೂ ಒಂದುಂಟು ಎಂದರೆ ಕೆಲವರು ನಕ್ಕಾರು. ಆದರೆ ಎರಡಕ್ಕೂ ಮೂಲ ಒಂದೇ. ಇಂಗ್ಲೆಂಡಿನ ಜಮೀನುದಾರರು ಅತಿಥಿಗಳನ್ನೂ ಅವರ ಪೆಟ್ಟಿಗೆಗಳನ್ನೂ ರೈಲು ನಿಲ್ದಾಣದಿಂದ ತಮ್ಮ ಎಸ್ಟೇಟಿಗೆ ಒಟ್ಟಿಗೇ ಸಾಗಿಸಲು ಇಟ್ಟುಕೊಂಡಿದ್ದ ವಾಹನವೇ ಮುಂದೆ ಎಸ್ಟೇಟ್ ಕಾರು ಎನಿಸಿತು. ಅಮೆರಿಕದವರು ಅದನ್ನು ಸ್ಟೇಷನ್ ವ್ಯಾಗನ್ ಎಂದರು. ಮುಂಭಾಗ ಸಾಮಾನ್ಯ ಕಾರಿನದು. ಹಿಂದೆ ಮಾತ್ರ ಛಾವಣಿ ಕೊನೆಯವರೆಗೆ ಚಾಚಿ, ಡಿಕ್ಕಿಯ ಬದಲಿಗೆ ಮೇಲಕ್ಕೆ ತೆರೆಯುವ ದೊಡ್ಡ ಬಾಗಿಲು. ಇಷ್ಟೇ ಅದರ ಲಕ್ಷಣ.

ಇಂತಹ ಕಾರೊಂದನ್ನು, ಅದೂ ಅತಿ ವೇಗದ, ಅತಿ ಬೆಲೆಯ ಕಾರೊಂದನ್ನು, ತೊಗರಿ ಹೊಲಗಳ ನಡುವಿನ ಹಳ್ಳಿಯೊಂದರ ಅಂಗಳದಲ್ಲಿ ಪರೀಕ್ಷೆಗೆ ನಿಲ್ಲಿಸಿದ್ದನ್ನು ನೋಡುವ ಅವಕಾಶ ಕಳೆದ ಜನವರಿಯಲ್ಲಿ ನನಗೆ ಒದಗಿತು. ಊರು ವಲಾಂಡಿ, ಮಹಾರಾಷ್ಟ್ರದ ಲಾತೂರು ಜಿಲ್ಲೆ, ನಿಲಂಗಾ-ಉದಗೀರ್‌ಗಳ ನಡುವಣ ಸೀಮೆ. ಮಂಗಳೂರಿನಲ್ಲಿ ಒಂದೇ ಕೋಣೆಯಲ್ಲಿದ್ದು ಓದಿದ ಗೆಳೆಯರ ಮನೆ ಅಲ್ಲಿದೆ.

ಅಲ್ಲಿಯ ಕನ್ನಡಿಗರಿಗೂ ನಮಗೂ ಒಂದು ನಂಟುಂಟು. 1956ರ ನವೆಂಬರ್ 1ರಂದು ಕಾಸರಗೋಡು ದಕ್ಷಿಣ ಕನ್ನಡದಿಂದ ಕಳಚಿ ಕೇರಳಕ್ಕೆ ಸೇರಿತು. ಅದೇ ದಿನ ನಿಲಂಗಾ, ಉದಗೀರ್, ಅಹಮದಪುರ ತಾಲೂಕುಗಳು ಬೀದರ ಜಿಲ್ಲೆಯಿಂದ ಕಳಚಿ ಅಂದಿನ ಮುಂಬಯಿ ರಾಜ್ಯದ ಪಾಲಾದವು. 1982ರಲ್ಲಿ ಲಾತೂರು ಬೇರೆ ಜಿಲ್ಲೆಯಾಯಿತು. ಅಂಗಡಿಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ ಎಂಬ ಪದ್ಧತಿ ಗೆಳೆಯರ ಮನೆಯಲ್ಲಿ ಇಂದಿಗೂ ನಡೆದಿದೆ. ನಮ್ಮಲ್ಲಿ ಮಲಯಾಳವಿರುವ ಜಾಗದಲ್ಲಿ ಅವರಿಗೆ ಮರಾಠಿ, ವ್ಯತ್ಯಾಸ ಅಷ್ಟೇ.

ಮನೆಯವರ ಅಗತ್ಯ

ಮನೆಯಲ್ಲಿ ಒಂಬತ್ತು ಜನ. ಎಂಬತ್ತು ದಾಟಿದ ಮುತ್ಯಾ, ಮಂಡಿ ನೋವಿನ ಆಯಿ, ಗೆಳೆಯರು ಮತ್ತು ಅವರ ಪತ್ನಿ, ಗೆಳೆಯರ ತಮ್ಮನ ವಿಧವೆ ಹಾಗೂ ಅವರ ಮಗಳು. ಪುಣೆಯಲ್ಲಿ ಕೆಲಸದಲ್ಲಿರುವ ಮಗ, ಸೊಸೆ, ಎರಡು ವರ್ಷದ ಕೂಸು ಹಬ್ಬ-ಹುಣ್ಣಿಮೆಗೆ ಬಂದು ಸೇರುವವರು. ಗೆಳೆಯರ ತಮ್ಮ ಆರು ವರ್ಷಗಳ ಹಿಂದೆ ಒಂದು ರಾತ್ರಿ ಕಬ್ಬು ತುಂಬಿದ ಟ್ರೇಲರಿಗೆ ಹಿಂದಿನಿಂದ ಢಿಕ್ಕಿಯಾಗಿ ತೀರಿಕೊಂಡರು. ಟ್ರೇಲರಿನ ಹಿಂದೆ ದೀಪವಿರಲಿಲ್ಲ. ಮನೆಯಲ್ಲಿ ಕಾರಿನ ಮಾತು ಬಂದಾಗಲೆಲ್ಲ ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಯಾರೂ ಮರೆತಿಲ್ಲ.

ಮಗನಿಗೆ ಪುಣೆಯಲ್ಲಿ ಒಂದು ಎಸ್ಟೇಟ್ ಕಾರು ಕಣ್ಣಿಗೆ ಬಿದ್ದಿತ್ತು. ವಿದೇಶದಲ್ಲಿ ತಯಾರಾಗಿ ಹಡಗಿನಲ್ಲಿ ಬಂದದ್ದು, ಒಬ್ಬರ ಕೈದಾಟಿ ಮಾರಾಟಕ್ಕಿತ್ತು. ಮುಂಗಡ ಕೊಟ್ಟು, ಎರಡು ದಿನದ ಮಟ್ಟಿಗೆ ಊರಿಗೆ ತಂದಿದ್ದ. ಕಂಪೆನಿಯ ಹೆಸರು ಇಲ್ಲಿ ಬೇಡ. ಕಂಡುಬಂದ ಕೊರತೆಗಳಲ್ಲಿ ಕಾರಿನ ಪಾಲಿಗಿಂತ ನಮ್ಮ ರಸ್ತೆಗಳ ಪಾಲೇ ಹೆಚ್ಚು.

"ಕಾಕಾ, ಅಪ್ಪಗ ನಾ ಹೇಳಿದ್ರ ಪಟಾಯಿಸೂದಿಲ್ಲ. ನೀವೇ ನೋಡಿ ಹೇಳ್ರಿ" ಎಂದು ಆ ಹುಡುಗ ನನ್ನನ್ನು ಪಂಚನನ್ನಾಗಿ ಮಾಡಿದ. ಆದರೆ ನಿಜವಾದ ಪಂಚ ಜಗಲಿಯ ಮೇಲೆ ಕೂತಿದ್ದ ಮುತ್ಯಾ. ಪಕ್ಕದ ದೇವಣಿ ಊರು ತನ್ನ ಹೆಸರನ್ನೇ ಒಂದು ಜಾನುವಾರು ತಳಿಗೆ ಕೊಟ್ಟಿದೆ. ಹಾಲಿಗೂ ಬೇಕು, ನೊಗಕ್ಕೂ ಬೇಕು ಎನ್ನುವ ತಳಿ. ಮೈಯೆಲ್ಲ ಬಿಳುಪಾದರೆ ಬಾಲಂಕ್ಯಾ, ಬಿಳಿ ಮೈಗೆ ಮೋರೆ ಕಪ್ಪಾದರೆ ವಾನೇರಾ, ಕಪ್ಪು ಮಚ್ಚೆ ಬಿದ್ದಿದ್ದರೆ ಶೇವೇರಾ ಎಂದು ಅದರ ಬಗೆಗಳು. ಮುತ್ಯಾ ಆಯುಷ್ಯವಿಡೀ ಸಂತೆಗಳಲ್ಲಿ ಅಂತಹ ಎತ್ತುಗಳನ್ನು ಕಟ್ಟಿಸಿಕೊಂಡು ಬಂದವರು. ಅವರು ಕಾರಿನ ಸುತ್ತ ಒಂದು ಸುತ್ತು ಬಂದು, ಮೊದಲು ನೋಡಿದ್ದು ಗಾಲಿಗಳನ್ನು. ಎತ್ತಿನಲ್ಲಿ ಗೊರಸು ನೋಡುವಂತೆ.

ಈ ಜಾತಿಯ ಕಾರುಗಳ ಕಥೆ

ನಮ್ಮ ದೇಶಕ್ಕೆ ಎಸ್ಟೇಟ್ ಹೊಸದಲ್ಲ. ಅಂಬಾಸಿಡರ್‌ಗೂ ಎಸ್ಟೇಟ್ ರೂಪವಿತ್ತು. ಪದ್ಮಿನಿಯಲ್ಲಿ 'ಸಫಾರಿ' ಇತ್ತು. ಮದರಾಸಿನ ಸ್ಟ್ಯಾಂಡರ್ಡ್ ಕಂಪೆನಿ 'ಕಂಪ್ಯಾನಿಯನ್' ತಯಾರಿಸಿತ್ತು. 1992ರಲ್ಲಿ ಟಾಟಾದವರು 'ಎಸ್ಟೇಟ್' ಎಂಬ ಹೆಸರಿನಲ್ಲೇ ಒಂದನ್ನು ತಂದರು. 1999ರಲ್ಲಿ ಮಾರುತಿಯ ಬಲೆನೊ ಆಲ್ಟುರಾ, 2004ರಲ್ಲಿ ಟಾಟಾ ಇಂಡಿಗೊ ಮರೀನಾ ಬಂದವು. ಮರಾಠವಾಡೆಯದೇ ಆದ ಔರಂಗಾಬಾದಿನಲ್ಲಿ (2023ರಿಂದ ಛತ್ರಪತಿ ಸಂಭಾಜಿನಗರ) ಸ್ಕೋಡಾ ಕಂಪೆನಿ 2001ರಿಂದ ಆಕ್ಟೇವಿಯಾ ಕಾರನ್ನು ಜೋಡಿಸಿ ಮಾರಿತು. ಅದರ 'ಕಾಂಬಿ' ಎಂಬ ಎಸ್ಟೇಟ್ ರೂಪವೂ ಕೆಲವು ಕಾಲ ದೊರೆಯುತ್ತಿತ್ತು. ಆದರೆ ಯಾವುದೂ ಬೇರೂರಲಿಲ್ಲ. ನಮ್ಮ ಜನರಿಗೆ ಡಿಕ್ಕಿ ಬೇರೆಯಾಗಿ ಕಂಡರೆ ಅಂತಸ್ತು, ಕಾರು ಎತ್ತರ ನಿಂತರೆ ಗತ್ತು. ಎಸ್ಟೇಟಿಗೆ ಇವೆರಡೂ ಇಲ್ಲ.

ಯುರೋಪಿನಲ್ಲಿ ಕಥೆ ಬೇರೆ. ಅಲ್ಲಿ ಮನೆವಂದಿಗರಿಗೆ ಎಸ್ಟೇಟ್ ಎಂದರೆ ನಿತ್ಯದ ವಾಹನ. ಅದಕ್ಕೆ ಓಟದ ಕಾರಿನ ಎಂಜಿನ್ ಕೂರಿಸುವ ಹುಚ್ಚು 1994ರಲ್ಲಿ ಎದ್ದುಕಂಡಿತು. ಆ ವರ್ಷ ಆಡಿ ಕಂಪೆನಿ ಪೋರ್ಶೆಯ ಜತೆ ಕೂಡಿ 'ಆರ್.ಎಸ್.2 ಅವಾಂತ್' ಎಂಬ 315 ಅಶ್ವಶಕ್ತಿಯ ಎಸ್ಟೇಟನ್ನು ಮಾರುಕಟ್ಟೆಗೆ ಬಿಟ್ಟಿತು. ವೋಲ್ವೊ ಕಂಪೆನಿ ಬ್ರಿಟನ್ನಿನ ಕಾರು ಪಂದ್ಯಗಳಿಗೆ ತನ್ನ 850 ಎಸ್ಟೇಟನ್ನೇ ಇಳಿಸಿತು. ಅದೇ ಪರಂಪರೆಯ 'ಆರ್.ಎಸ್.6 ಅವಾಂತ್' 2015ರಲ್ಲಿ ಭಾರತಕ್ಕೂ ಬಂತು. ಎಂಟು ಸಿಲಿಂಡರು, 560 ಅಶ್ವಶಕ್ತಿ; ನಿಂತಲ್ಲಿಂದ 100 ಕಿ.ಮೀ. ವೇಗಕ್ಕೆ 3.9 ಸೆಕೆಂಡು, ಬೆಲೆ 1.35 ಕೋಟಿ ರೂಪಾಯಿ. 2017ರಲ್ಲಿ ಬಂದ ವೋಲ್ವೊ 'ವಿ90 ಕ್ರಾಸ್ ಕಂಟ್ರಿ' ಇಷ್ಟು ಉಗ್ರವಲ್ಲ: 235 ಅಶ್ವಶಕ್ತಿಯ ಡೀಸೆಲ್, ಆದರೆ ನೆಲದಿಂದ 210 ಮಿಲ್ಲಿಮೀಟರ್ ಎತ್ತರ, ಬೆಲೆ 60 ಲಕ್ಷದ ಆಸುಪಾಸು. ಈ ಎರಡರ ನಡುವಿನ ವ್ಯತ್ಯಾಸವನ್ನು ವಾಚಕರು ನೆನಪಿಟ್ಟುಕೊಳ್ಳಬೇಕು. ಮುಂದೆ ಅದೇ ಮುಖ್ಯವಾಗುತ್ತದೆ.

ಸಾಮಾನಿನ ಪರೀಕ್ಷೆ

ಮೊದಲ ದಿನ ಬೆಳಿಗ್ಗೆ ಹಿಂಬಾಗಿಲು ತೆರೆದು ತೊಗರಿ ಚೀಲ ತುಂಬಿ ನೋಡಿದೆವು. ಈ ವರ್ಗದ ಕಾರುಗಳಲ್ಲಿ ಹಿಂದೆ ಸುಮಾರು 560 ಲೀಟರ್ ಜಾಗ. ಹಿಂದಿನ ಸೀಟು ಮಡಚಿದರೆ ಅದರ ಎರಡು-ಮೂರು ಪಟ್ಟು. ಆರ್.ಎಸ್.6ಕ್ಕೆ ಕಂಪೆನಿ ಹೇಳಿದ ಲೆಕ್ಕ 565 ಮತ್ತು 1,680 ಲೀಟರ್. ಐವತ್ತು ಕಿಲೋ ತೊಗರಿಯ ಚೀಲ ಸುಮಾರು 65 ಲೀಟರ್ ಜಾಗ ಹಿಡಿಯುತ್ತದೆ. ಹಾಗಾದರೆ ಎಂಟು ಚೀಲ ಹಿಡಿದೀತು ಎಂದು ಹುಡುಗ ಲೆಕ್ಕ ಹಾಕಿದ.

ಇಲ್ಲೇ ಹಲವರು ಎಡವುವುದು. ಜಾಗ ಬೇರೆ, ಭಾರ ಬೇರೆ. ಇಂತಹ ಕಾರು ಜನ-ಸಾಮಾನು ಸೇರಿ ಹೊರಬಹುದಾದದ್ದು ಸಾಮಾನ್ಯವಾಗಿ ಐದು-ಆರು ನೂರು ಕಿಲೋ. ಐದು ಜನ ಕೂತರೆ 350 ಕಿಲೋ ಅಲ್ಲಿಗೇ ಸಂದಿತು. ಉಳಿದದ್ದು ನಾಲ್ಕು ಚೀಲದ ಭಾರ. ಅದಕ್ಕಿಂತ ಹೆಚ್ಚು ಹೇರಿದರೆ ಹಿಂಭಾಗ ಕುಸಿದು, ದೀಪ ಆಕಾಶ ನೋಡುತ್ತದೆ. ಬ್ರೇಕು ಹಿಡಿದ ಮೇಲೂ ಕಾರು ಮುಂದೆ ಹೋಗುತ್ತದೆ. ಕಾರಿನ ಬಾಗಿಲ ಬಳಿಯ ಚೀಟಿಯಲ್ಲಿ ಈ ಭಾರದ ಮಿತಿ ಬರೆದಿರುತ್ತದೆ. ಕೊಳ್ಳುವವರು ಲೀಟರ್ ನೋಡುವ ಮೊದಲು ಅದನ್ನು ಓದಬೇಕು.

ಒಂದು ಅನುಕೂಲವನ್ನು ಮಾತ್ರ ಒಪ್ಪಲೇಬೇಕು. ಹಿಂಬದಿಯ ಹೊಸ್ತಿಲು ತಗ್ಗಿನಲ್ಲಿರುವುದರಿಂದ ಚೀಲವನ್ನು ಎದೆಯೆತ್ತರಕ್ಕೆ ಎತ್ತಬೇಕಿಲ್ಲ. ಮೊಣಕಾಲೆತ್ತರಕ್ಕೆ ಎತ್ತಿ ತಳ್ಳಿದರೆ ಸಾಕು. ಸೀಟು ಮಡಚಿದರೆ ಒಬ್ಬರು ಉದ್ದಕ್ಕೆ ಮಲಗುವಷ್ಟು ಜಾಗ. "ಕಿಲ್ಲಾರಿ ಭೂಕಂಪದಾಗ ಹಿಂತಾದೊಂದು ಇದ್ದಿದ್ರ!" ಎಂದರು ಮುತ್ಯಾ. 1993ರ ಸೆಪ್ಟೆಂಬರ್ 30ರ ನಸುಕಿನ ಆ ಭೂಕಂಪದಲ್ಲಿ ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಔಸಾ, ಉಮರ್ಗಾ ಕಡೆಯ ಆ ದಿನಗಳನ್ನು ಅವರು ಮರೆತಿಲ್ಲ. ಆದರೂ ಮಲಗಿಸಿದವರಿಗೆ ಕಾರಿನಲ್ಲಿ ಬೆಲ್ಟಿನ ರಕ್ಷೆಯಿಲ್ಲ. 108ಕ್ಕೆ ಫೋನು ಮಾಡಿದರೆ ಆಂಬುಲೆನ್ಸ್ ಬರುವ ಈ ಕಾಲದಲ್ಲಿ ಅದು ಕೊನೆಯ ದಾರಿಯಾಗಿರಲಿ.

ಕೂರುವ ಪರೀಕ್ಷೆ

ಆಯಿಯನ್ನು ಕೂರಿಸಿ ನೋಡಿದೆವು. ಕೂತ ಮೇಲೆ ಅವರು ಹೇಳಿದ್ದು: "ಇದರಾಗ ಕುಂದರೋದು ಹಗೂರ ಅದಪಾ. ಆ ಎತ್ತರದ ಗಾಡಿಗಿ ಏರಬೇಕಾದ್ರ ಇಬ್ಬರು ಹಿಡೀಬೇಕು. ಏಳಬೇಕಾದ್ರ ಮಾತ್ರ ಇದರಾಗ ಜರಾ ತ್ರಾಸ." ಈ ಎರಡು ಮಾತಿನಲ್ಲಿ ತಗ್ಗು ಕಾರಿನ ಗುಣವೂ ದೋಷವೂ ಬಂದುಬಿಟ್ಟವು. ಮನೆಯ ಹಿರಿಯರಿಗಾಗಿ ಕಾರು ಕೊಳ್ಳುವವರು ಹಿರಿಯರನ್ನೇ ಕರೆದುಕೊಂಡು ಹೋಗಿ, ಒಮ್ಮೆ ಕೂರಿಸಿ, ಒಮ್ಮೆ ಏಳಿಸಿ ನೋಡಬೇಕು. ಅಂಗಡಿಯವನ ಮಾತು ಇದಕ್ಕೆ ಬದಲಾಗದು.

ಕೂಸಿನ ಸೀಟನ್ನು ಬಿಗಿಯುವ ಲೋಹದ ಕೊಂಡಿಗಳು ಹಿಂದಿನ ಸೀಟಿನ ಎರಡೂ ಬದಿಗೆ ಇದ್ದವು. ಮೂವರಿಗೂ ಮೂರು ಬಿಂದುವಿನ ಬೆಲ್ಟು. ಈ ಬೆಲ್ಟನ್ನು 1959ರಲ್ಲಿ ರೂಪಿಸಿದವರು ವೋಲ್ವೊದ ಎಂಜಿನಿಯರ್ ನಿಲ್ಸ್ ಬೋಲಿನ್. ಕಂಪೆನಿ ಅದನ್ನು ಬೇರೆಯವರೂ ಬಳಸಲೆಂದು ಬಿಟ್ಟುಕೊಟ್ಟಿತು. ಆದರೆ ನಮ್ಮಲ್ಲಿ ಹಿಂದೆ ಕೂತವರು ಬೆಲ್ಟು ಹಾಕುವುದು ಇಂದಿಗೂ ಅಪರೂಪ. 2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿ ಮುಂಬಯಿ-ಅಹಮದಾಬಾದ್ ಹೆದ್ದಾರಿಯಲ್ಲಿ ತೀರಿಕೊಂಡಾಗ ಅವರಿದ್ದದ್ದು ಬಹಳ ಬೆಲೆಯ ಕಾರಿನ ಹಿಂದಿನ ಸೀಟಿನಲ್ಲಿ. ಬೆಲ್ಟು ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದರು. ಕೋಟಿ ರೂಪಾಯಿಯ ಕಾರೂ ಹಾಕದ ಬೆಲ್ಟಿಗೆ ಬದಲಿಯಲ್ಲ.

ರಸ್ತೆಯ ಪರೀಕ್ಷೆ

ಉಮರ್ಗಾದ ಬಳಿ ಪುಣೆ-ಹೈದರಾಬಾದ್ ಹೆದ್ದಾರಿಗೆ ಹತ್ತಿದಾಗ ಈ ಕಾರಿನ ಯೋಗ್ಯತೆ ತಿಳಿಯಿತು. ಎತ್ತರದ ಗಾಡಿಗಳಂತೆ ತಿರುವಿನಲ್ಲಿ ತೂಗಾಡುವುದಿಲ್ಲ. ನೆಲಕ್ಕೆ ಅಂಟಿದಂತೆ ಓಡುತ್ತದೆ. ಲಾರಿಯನ್ನು ದಾಟಲು ತುಸುವೇ ಕಾಲೊತ್ತಿದರೆ ಸಾಕು. ಎದುರು ಮಗ್ಗುಲಲ್ಲಿ ಇರುವ ಸಮಯ ಕಡಿಮೆ. ಶಕ್ತಿಯುಳ್ಳ ಎಂಜಿನ್ನಿನಿಂದ ನಿಜವಾದ ಲಾಭ ಇದೊಂದೇ.

ಹೆದ್ದಾರಿ ಬಿಟ್ಟು ಒಳರಸ್ತೆಗೆ ಇಳಿದಾಗ ಪಾಡು ಬೇರೆಯಾಯಿತು. ಊರೂರಿಗೂ ಉಬ್ಬು, ಪ್ರತಿ ಉಬ್ಬಿಗೂ ಕಾರಿನ ಹೊಟ್ಟೆ ತಾಗುವುದೋ ಎಂಬ ಆತಂಕ. ಗಾಲಿ ದೊಡ್ಡದು, ಅದರ ಸುತ್ತಣ ರಬ್ಬರು ಮಾತ್ರ ಎರಡು ಬೆರಳಷ್ಟು. ಗುಂಡಿಗೆ ಬಿದ್ದರೆ ರಬ್ಬರಿಗಿಂತ ಮೊದಲು ಪೆಟ್ಟು ತಿನ್ನುವುದು ಲೋಹ. ಮುತ್ಯಾ ಬೆಳಿಗ್ಗೆ ಗಾಲಿ ನೋಡಿಯೇ "ಗೊರಸು ತೆಳ್ಳಗದಾವ" ಎಂದಿದ್ದರ ಅರ್ಥ ಆಗ ತಿಳಿಯಿತು. ಇಂತಹ ಕಾರುಗಳಲ್ಲಿ ಹಲವಕ್ಕೆ ಪೂರ್ಣ ಅಳತೆಯ ಹೆಚ್ಚುವರಿ ಗಾಲಿಯೇ ಇರುವುದಿಲ್ಲ. ಗಾಳಿ ತುಂಬುವ ಪೆಟ್ಟಿಗೆಯೊಂದನ್ನು ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ರಾತ್ರಿ ಹತ್ತಕ್ಕೆ ಹೊಲದ ನಡುವೆ ಟಯರು ಹರಿದರೆ ಆ ಪೆಟ್ಟಿಗೆಯಿಂದ ಏನೂ ಆಗದು.

ವೇಗದಿಂದ ಉಳಿಯುವ ಹೊತ್ತನ್ನೂ ಲೆಕ್ಕ ಹಾಕಿ ನೋಡಿದೆವು. ನೂರು ಕಿ.ಮೀ. ದಾರಿಯನ್ನು ಸರಾಸರಿ 60ರ ವೇಗದಲ್ಲಿ ಹೋದರೆ 100 ನಿಮಿಷ. ಸರಾಸರಿ 80 ಆದರೆ 75 ನಿಮಿಷ. ಉಳಿತಾಯ 25 ನಿಮಿಷ. ಆದರೆ ಆ ಸರಾಸರಿಯನ್ನು ನಿರ್ಧರಿಸುವುದು ಎಂಜಿನ್ನಲ್ಲ, ದಾರಿಯ ಊರುಗಳು, ಉಬ್ಬುಗಳು, ದನಗಳು. 2018ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ಅಧಿಸೂಚನೆಯಲ್ಲಿ ಕಾರುಗಳಿಗೆ ಎಕ್ಸ್‌ಪ್ರೆಸ್ ರಸ್ತೆಯಲ್ಲಿ 120, ನಡುವೆ ವಿಭಜಕವಿರುವ ನಾಲ್ಕು ಪಥದ ರಸ್ತೆಯಲ್ಲಿ 100, ಇತರ ರಸ್ತೆಗಳಲ್ಲಿ 70 ಕಿ.ಮೀ. ಎಂದು ಮಿತಿ ಹೇಳಲಾಗಿತ್ತು. ಗಂಟೆಗೆ 250 ಕಿ.ಮೀ. ಓಡಬಲ್ಲ ಕಾರಿಗೆ ಇಲ್ಲಿ ಮೈಚಾಚಲು ಜಾಗವೇ ಇಲ್ಲ.

ನಿಲ್ಲುವ ಪರೀಕ್ಷೆ

ಹುಡುಗ ಬಂದ ದಿನವೇ ಕಾರಿನ ವೇಗವನ್ನು ಬಣ್ಣಿಸತೊಡಗಿದಾಗ ಮುತ್ಯಾ ತಡೆದು ಕೇಳಿದ್ದರು: "ಎಷ್ಟ್ ಜೋರ್ ಓಡ್ತದ ಅನ್ನೋದು ಆಮ್ಯಾಲ ಹೇಳಪಾ. ಮದಲ ಎಷ್ಟ್ರಾಗ ನಿಂದರ್ತದ ಅದು ಹೇಳು." ಹುಡುಗನ ಬಳಿ ಉತ್ತರವಿರಲಿಲ್ಲ.

ಉತ್ತರ ಇಲ್ಲಿದೆ. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡು ಎಂದಿಟ್ಟುಕೊಳ್ಳೋಣ. ಒಣ ಡಾಮರಿನ ಮೇಲೆ ಒಳ್ಳೆಯ ಬ್ರೇಕು ಇದ್ದರೆ 60 ಕಿ.ಮೀ. ವೇಗದಲ್ಲಿರುವ ಕಾರು ಒಟ್ಟು ಸುಮಾರು 35 ಮೀಟರಿನಲ್ಲಿ ನಿಲ್ಲುತ್ತದೆ. ನೂರರಲ್ಲಿದ್ದರೆ ಸುಮಾರು 77 ಮೀಟರ್ ಬೇಕು. ನೂರನಲವತ್ತರಲ್ಲಿದ್ದರೆ 135 ಮೀಟರ್. ವೇಗ ಎರಡು ಪಟ್ಟಾದರೆ ಬ್ರೇಕು ಹಿಡಿದ ಮೇಲೆ ಸಾಗುವ ದೂರ ನಾಲ್ಕು ಪಟ್ಟಾಗುತ್ತದೆ. ಇದನ್ನು ಯಾವ ಕಂಪೆನಿಯೂ ಬದಲಿಸಲಾರದು. ಎದುರು ವಾಹನವಿದ್ದಾಗ ತಗ್ಗಿಸಿದ ದೀಪದಲ್ಲಿ ಮುಂದಿನ ರಸ್ತೆ ಕಾಣುವುದೇ ಐವತ್ತು-ಅರವತ್ತು ಮೀಟರ್. ಅಂದರೆ ರಾತ್ರಿ ನೂರರಲ್ಲಿ ಹೋಗುವವನು ಕಾಣದ ಜಾಗಕ್ಕೆ ನುಗ್ಗುತ್ತಿರುತ್ತಾನೆ.

ಎರಡನೆಯ ರಾತ್ರಿ ನಿಲಂಗಾದಿಂದ ಹಿಂದಿರುಗುವಾಗ ಈ ಲೆಕ್ಕ ಕಣ್ಣೆದುರಿಗೆ ನಿಂತಿತು. ಕಬ್ಬು ಅರೆಯುವ ಕಾಲ. ತಿರುವು ದಾಟಿದೊಡನೆ ಕತ್ತಲೆಯಲ್ಲಿ ಒಂದು ಗೋಡೆ. ಎರಡು ಟ್ರೇಲರ್ ಕಟ್ಟಿದ ಟ್ರಾಕ್ಟರು, ಹಿಂದೆ ದೀಪವಿಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ಹುಡುಗ ಅರವತ್ತರಲ್ಲಿದ್ದ. ಕಾರು ಕಬ್ಬಿನ ಗರಿಗಳಿಂದ ಎರಡು ಮಾರು ದೂರದಲ್ಲಿ ನಿಂತಿತು. ಅದರ ಬ್ರೇಕನ್ನು ಹೊಗಳದಿರಲಾಗದು. ಬೇರೆ ಸಾಧಾರಣ ಕಾರಾಗಿದ್ದರೆ ಆ ಎರಡು ಮಾರು ಉಳಿಯುತ್ತಿತ್ತೋ ಇಲ್ಲವೋ. ಆದರೆ ಅದೇ ಕಾರು ಎಂಬತ್ತರಲ್ಲಿದ್ದಿದ್ದರೆ ಈ ಲೇಖನ ಬರೆಯಲು ನಾನಿರುತ್ತಿರಲಿಲ್ಲ. ಹುಡುಗ ಬಹಳ ಹೊತ್ತು ಸ್ಟೀರಿಂಗ್ ಹಿಡಿದುಕೊಂಡೇ ಕೂತಿದ್ದ. ಮನೆ ಮುಟ್ಟುವವರೆಗೆ ನಾವಿಬ್ಬರೂ ಮಾತಾಡಲಿಲ್ಲ.

ಖರ್ಚಿನ ಲೆಕ್ಕ

ಹಡಗಿನಲ್ಲಿ ತಯಾರಾಗಿ ಬಂದ ದುಬಾರಿ ಕಾರಿಗೆ ಬಹುಕಾಲ ಅದರ ಬೆಲೆಯಷ್ಟೇ ಸುಂಕವಿತ್ತು. ಕೈದಾಟಿದಾಗ ಕಾರಿನ ಬೆಲೆ ಇಳಿಯುತ್ತದೆ. ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ಅರ್ಧ ಬೆಲೆಗೆ ಸಿಕ್ಕ ಕಾರಿಗೂ ಬ್ರೇಕಿನ ತಟ್ಟೆ, ಟಯರು ಪೂರ್ತಿ ಬೆಲೆಯವೇ. ದುರಸ್ತಿಗೆ ಪುಣೆಗೋ ಹೈದರಾಬಾದಿಗೋ ಹೋಗಬೇಕು. ಪೆಟ್ರೋಲಿನಲ್ಲಿ ಈಗ ಶೇಕಡಾ 20ರಷ್ಟು ಎಥನಾಲ್ ಬೆರೆತಿದೆ, ಅದರಲ್ಲಿ ಕಬ್ಬಿನ ಪಾಲೂ ದೊಡ್ಡದು. ಹಳೆಯ ಕಾರಿನ ಎಂಜಿನ್ ಅದಕ್ಕೆ ಒಗ್ಗುವುದೇ ಎಂದು ಕೈಪಿಡಿ ತೆರೆದು ನೋಡಿಯೇ ಕೊಳ್ಳಬೇಕು.

ನಮ್ಮ ತೀರ್ಮಾನ

ಮೂರನೆಯ ದಿನ ಜಗಲಿಯಲ್ಲಿ ಕೂತು ಮಾತಾಡಿದೆವು. ನಾನು ಹೇಳಿದ್ದು ಇಷ್ಟು: ಕೂಡುಕುಟುಂಬಕ್ಕೆ ಎಸ್ಟೇಟಿನ ಆಕಾರ ಸರಿ; ಹಿರಿಯರಿಗೆ ಹಗುರ, ಸಾಮಾನಿಗೆ ಅನುಕೂಲ, ತಿರುವಿನಲ್ಲಿ ಭದ್ರ. ವೇಗ ಮಾತ್ರ ಈ ದಾರಿಗೆ ಹೊರೆ. ಎಸ್ಟೇಟೇ ಬೇಕಿದ್ದರೆ ನೆಲದಿಂದ ಎತ್ತರವಿರುವ, ದಪ್ಪ ಟಯರಿನ, ಸಾವಧಾನದ ಡೀಸೆಲ್ ಒಂದನ್ನು ಹುಡುಕಬೇಕು. ಸಿಗದಿದ್ದರೆ, 2023ರ ಅಕ್ಟೋಬರಿನಲ್ಲಿ ಆರಂಭವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಹೆಚ್ಚು ನಕ್ಷತ್ರ ಪಡೆದ ಸಾಧಾರಣ ಕಾರೇ ಮೇಲು.

ಗೆಳೆಯರ ತಮ್ಮನ ಪತ್ನಿ ಅಲ್ಲಿಯವರೆಗೆ ಬಾಗಿಲ ಬಳಿ ನಿಂತು ಕೇಳುತ್ತಿದ್ದರು. ಅವರು ಕಾರಿನ ಬಗ್ಗೆ ಏನೂ ಹೇಳಲಿಲ್ಲ. "ಆ ಟ್ರಾಕ್ಟರ್ ಯಾರದಿತ್ತು?" ಎಂದಷ್ಟೇ ಕೇಳಿದರು.

2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ, ಒಳರಸ್ತೆಗಳಿಗೆ ಮಣ್ಣು ಸುರಿದಾಗ, ಮಂಗಳೂರಿನ ಆಸ್ಪತ್ರೆಗೆ ಹೋಗಬೇಕಾದ ನಮ್ಮವರು ದಾರಿಯಲ್ಲೇ ಪ್ರಾಣ ಬಿಟ್ಟದ್ದನ್ನು ಕಾಸರಗೋಡಿನವರು ಮರೆಯಲಾರರು. ಆಗ ಯಾವ ಕಾರಿನ ವೇಗವೂ ನೆರವಿಗೆ ಬರಲಿಲ್ಲ. ದಾರಿ ಸರಿಯಿರಬೇಕು, ದಾರಿಯಲ್ಲಿರುವ ಇತರರೂ ಸರಿಯಿರಬೇಕು. ಆಮೇಲೆ ಕಾರಿನ ಮಾತು. ತಲಪಾಡಿಯಿಂದ ಚೆಂಗಳದವರೆಗೆ ಆರು ಪಥದ ರಸ್ತೆ ಬಂದಿರುವ ಈ ಹೊತ್ತಿನಲ್ಲಿ ನಮ್ಮ ಯುವಕರೂ ಇದನ್ನು ಯೋಚಿಸಬೇಕು.

ಎರಡು ವಾರ ಕಳೆದು ಗೆಳೆಯರ ಫೋನು ಬಂತು. ಹುಡುಗ ಕಾರನ್ನು ಹಿಂದಿರುಗಿಸಿ, ಮುಂಗಡದಲ್ಲಿ ಸ್ವಲ್ಪ ಕಳೆದುಕೊಂಡು, ಉಳಿದದ್ದನ್ನು ಪಡೆದನಂತೆ. ಮುಂದಿನ ವಾರ ಊರಿಗೆ ಬಸ್ಸಿನಲ್ಲೇ ಬಂದವನ ಚೀಲದಲ್ಲಿ ಕತ್ತಲೆಯಲ್ಲಿ ಹೊಳೆಯುವ ಕೆಂಪು ಪಟ್ಟಿಯ ಸುರುಳಿಗಳಿದ್ದವು. ಅವನೂ ಅವನ ಕಾಕಿಯೂ ಎರಡು ಸಂಜೆ ಓಣಿ ಓಣಿ ತಿರುಗಿ, ನಿಂತ ಟ್ರೇಲರುಗಳ ಹಿಂದೆಲ್ಲ ಅದನ್ನು ಅಂಟಿಸಿದರಂತೆ. ಕೆಲವರು ನಕ್ಕರಂತೆ; ಯಾರೂ ಬೇಡವೆನ್ನಲಿಲ್ಲವಂತೆ.

ಕಾರು ಇನ್ನೂ ಕೊಂಡಿಲ್ಲ. ಹುಡುಕುತ್ತಿದ್ದಾರೆ.